ಹಳೆ ಕ್ಯಾಮ್ರಿಯ ಸ್ಟೀರಿಯೊ ಬದಲಿಸದೆ ಸ್ಯಾಟಲೈಟ್ ರೇಡಿಯೊ ಹಾಕುವುದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನಾವು ಅಮೆರಿಕದ ಸಿನ್ಸಿನಾಟಿಯಲ್ಲಿದ್ದೇವೆ. ನನ್ನದು 2004ರ ಟೊಯೋಟಾ ಕ್ಯಾಮ್ರಿ. ಕಾರಿನ ಜೊತೆಗೇ ಬಂದ ಸ್ಟೀರಿಯೊದಲ್ಲಿ ರೇಡಿಯೊ, ಕ್ಯಾಸೆಟ್, ಸಿಡಿ ಇವೆ. ಹೊರಗಿನ ಸಾಧನದ ದನಿಯನ್ನು ವೈರಿನಲ್ಲಿ ಸೇರಿಸುವ ಆಕ್ಸ್ ಕಿಂಡಿ ಇಲ್ಲ, ಬ್ಲೂಟೂತ್ ಇಲ್ಲ. ಮಗಳು ಶಿಕಾಗೊದಲ್ಲಿ ಓದುತ್ತಿದ್ದಾಳೆ. ತಿಂಗಳಿಗೆ ಒಂದೆರಡು ಸಲ ಹೋಗಿ ಬರುತ್ತೇನೆ. ಇಂಡಿಯಾನಾದ ಜೋಳದ ಹೊಲಗಳ ನಡುವೆ ಎಫ್ಎಂ ಬರೀ ಗೊರಗೊರ ಅನ್ನುತ್ತದೆ. ಚಂದಾ ಕಟ್ಟಿ ಕೇಳುವ ಸ್ಯಾಟಲೈಟ್ ರೇಡಿಯೊ ಸಿರಿಯಸ್ ಎಕ್ಸ್ಎಂ ಹಾಕಿಸೋಣ ಅಂತಿದ್ದೇನೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಎಫ್ಎಂ ಟ್ರಾನ್ಸ್‌ಮಿಟರ್ ಸಾಕು ಅಂತ ಗೆಳೆಯರು ಹೇಳುತ್ತಾರೆ. ಅಂಗಡಿಯವರು ಸ್ಟೀರಿಯೊವನ್ನೇ ಬದಲಿಸಿ ಅನ್ನುತ್ತಾರೆ. ನನಗೆ ಹಳೆಯದನ್ನು ತೆಗೆಯಲು ಮನಸ್ಸಿಲ್ಲ. ಏನು ಮಾಡಲಿ? ಇನ್ನೊಂದು, ಅದರಲ್ಲಿ ಕನ್ನಡ ಬರುತ್ತಾ?

ಉತ್ತರ: ನಮಸ್ಕಾರ. ಹಳೆ ಸ್ಟೀರಿಯೊ ಎಲ್ಲಿದೆಯೋ ಅಲ್ಲೇ ಇರಲಿ. ನಿಮ್ಮ ಪ್ರಯಾಣಕ್ಕೆ ಎಫ್ಎಂ ಟ್ರಾನ್ಸ್‌ಮಿಟರ್ ಕೂಡ ಬೇಡ. ಸ್ಟೀರಿಯೊದ ಬೆನ್ನಲ್ಲಿ ಒಂದು ಖಾಲಿ ಸಾಕೆಟ್ ಇರುತ್ತದೆ. ಡಿಕ್ಕಿಯಲ್ಲಿ ಇಡುವ ಸಿಡಿ ಚೇಂಜರ್, ಅಂದರೆ ಹಲವು ಸಿಡಿ ಒಟ್ಟಿಗೆ ತುಂಬಿಡುವ ಪೆಟ್ಟಿಗೆ, ಜೋಡಿಸಲೆಂದು ಟೊಯೋಟಾ ಕೊಟ್ಟ ಸಾಕೆಟ್ ಅದು. ಅದಕ್ಕೆ ಒಂದು ಅಡಾಪ್ಟರ್ ಹಾಕಿ ಆಕ್ಸ್ ವೈರನ್ನು ಹೊರಗೆ ತನ್ನಿ. ಸ್ಯಾಟಲೈಟ್ ರಿಸೀವರನ್ನು ಆ ವೈರಿಗೆ ಜೋಡಿಸಿ. ನನ್ನ ಕಾರಾಗಿದ್ದರೆ ನಾನು ಮಾಡುತ್ತಿದ್ದದ್ದು ಇದೇ. ಯಾಕೆ ಅಂತ ಈಗ ಬಿಡಿಸಿ ಹೇಳುತ್ತೇನೆ.

ಮೊದಲು ಸ್ಟೀರಿಯೊದ ಮುಖ ನೋಡಿ. ಎಎಂ ಬಟನ್ ಮೇಲೆ ‘ಸ್ಯಾಟ್’ ಅಂತ ಬರೆದಿದೆಯಾ? ಆ ಕಾಲದ ಕೆಲವು ಟೊಯೋಟಾ ಸ್ಟೀರಿಯೊಗಳಲ್ಲಿ ಇರುತ್ತದೆ. ಅದನ್ನು ನೋಡಿ ಒಳಗೇ ಸ್ಯಾಟಲೈಟ್ ರೇಡಿಯೊ ಇದೆ ಅಂತ ತುಂಬಾ ಜನ ತಿಳಿಯುತ್ತಾರೆ. ಹಾಗಲ್ಲ. ಬೇರೆ ಟ್ಯೂನರ್ ಪೆಟ್ಟಿಗೆ ತಂದು ಜೋಡಿಸಿದರೆ ಈ ಬಟನ್ನಿನಿಂದ ನಡೆಸಬಹುದು ಅಂತ ಅಷ್ಟೇ ಅದರ ಅರ್ಥ. ಆ ಪೆಟ್ಟಿಗೆಗಳು ಈಗ ಗುಜರಿಯಲ್ಲೋ ಹರಾಜಿನಲ್ಲೋ ಸಿಗುತ್ತವೆ. ಆಗ ಎಕ್ಸ್ಎಂ ಮತ್ತು ಸಿರಿಯಸ್ ಬೇರೆ ಬೇರೆ ಕಂಪನಿಗಳು. ಎಕ್ಸ್ಎಂ 2001ರ ಸೆಪ್ಟೆಂಬರಿನಲ್ಲಿ ಶುರುವಾಯಿತು, ಸಿರಿಯಸ್ 2002ರಲ್ಲಿ. 2008ರ ಜುಲೈಯಲ್ಲಿ ಎರಡೂ ಒಂದಾದವು. ಕಂಪನಿ ಒಂದಾದರೂ ಹಳೆ ಪೆಟ್ಟಿಗೆಗಳು ಒಂದಾಗಲಿಲ್ಲ. ಸಿರಿಯಸ್ ಪೆಟ್ಟಿಗೆಗೆ ಎಕ್ಸ್ಎಂ ಸಿಗ್ನಲ್ ಅರ್ಥವಾಗದು, ಎಕ್ಸ್ಎಂ ಪೆಟ್ಟಿಗೆಗೆ ಸಿರಿಯಸ್ ಸಿಗ್ನಲ್ ಅರ್ಥವಾಗದು. ಹಾಗಾಗಿ ಹಳೆ ಪೆಟ್ಟಿಗೆ ಕೊಳ್ಳುವ ಯೋಚನೆ ಇದ್ದರೆ ಅದರ ಮೇಲಿನ ರೇಡಿಯೊ ಐಡಿ ನಂಬರನ್ನು ಸಿರಿಯಸ್ ಎಕ್ಸ್ಎಂಗೆ ಮೊದಲೇ ಹೇಳಿ, ಅದನ್ನು ಚಾಲೂ ಮಾಡಿಕೊಡುತ್ತಾರಾ ಅಂತ ಕೇಳಿಕೊಳ್ಳಿ. ದುಡ್ಡು ಕೊಟ್ಟ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ನಿಮಗೆ ನಾನು ಈ ದಾರಿ ಹೇಳುವುದಿಲ್ಲ. ಡಾಕ್ (ರಿಸೀವರನ್ನು ಕೂರಿಸುವ ತೊಟ್ಟಿಲು) ಸಮೇತ ಬರುವ ಸಣ್ಣ ರಿಸೀವರ್ ತೆಗೆದುಕೊಳ್ಳಿ. ಆನಿಕ್ಸ್ ಅನ್ನುವ ಹೆಸರಿನಲ್ಲಿ ಬರುವವು ಆ ಜಾತಿಯವು. ಅದಕ್ಕೆ ತನ್ನದೇ ಪರದೆ, ತನ್ನದೇ ಗುಂಡಿಗಳು ಇರುತ್ತವೆ. ಕಾರಿನ ಸ್ಟೀರಿಯೊದಿಂದ ಅದು ಕೇಳುವುದು ಒಂದೇ: ನನ್ನ ದನಿಯನ್ನು ಸ್ಪೀಕರಿಗೆ ತಲುಪಿಸು ಅಂತ.

ಈ ಕೆಲಸದಲ್ಲಿ ಕಷ್ಟ ಇರುವುದು ಆ ಒಂದರಲ್ಲೇ. ಉಪಗ್ರಹದಿಂದ ನಿಮ್ಮ ಕಾರಿನವರೆಗೆ ದನಿ ಬರುವುದಕ್ಕೆ ತೊಂದರೆ ತೀರಾ ಕಡಿಮೆ. ಎಕ್ಸ್ಎಂನ ಮೊದಲ ಎರಡು ಉಪಗ್ರಹಗಳಿಗೆ ‘ರಾಕ್’, ‘ರೋಲ್’ ಅಂತ ಹೆಸರಿಟ್ಟಿದ್ದರು. ಅವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನೆಲೆನಿಂತವು. ಸಿರಿಯಸ್‌ನವರು ಮೂರು ಉಪಗ್ರಹಗಳನ್ನು ಉದ್ದನೆಯ ಮೊಟ್ಟೆಯಾಕಾರದ ದಾರಿಯಲ್ಲಿ ಬಿಟ್ಟರು. ಅವು ದಿನದ ಹೆಚ್ಚು ಹೊತ್ತು ಉತ್ತರ ಅಮೆರಿಕದ ನೆತ್ತಿಯ ಕಡೆಗೇ ಇರುವಂತೆ ಮಾಡಿದರು. ಎತ್ತರದ ಕಟ್ಟಡಗಳಿರುವ ಊರುಗಳಲ್ಲಿ ನೆಲದ ಮೇಲೂ ಮರುಪ್ರಸಾರ ಮಾಡುವ ಗೋಪುರಗಳಿವೆ. ಒಂದೇ ಕಾರ್ಯಕ್ರಮವನ್ನು ಕೆಲವು ಸೆಕೆಂಡ್ ಅಂತರದಲ್ಲಿ ಎರಡು ಸಲ ಕಳಿಸುತ್ತಾರೆ. ರಿಸೀವರ್ ಅದನ್ನು ನೆನಪಿನಲ್ಲಿಟ್ಟುಕೊಂಡು ನುಡಿಸುತ್ತದೆ. ಅದಕ್ಕೇ ಸೇತುವೆಯ ಕೆಳಗೆ ಹೋದರೂ ಹಾಡು ತುಂಡಾಗುವುದಿಲ್ಲ. ಎಷ್ಟು ಚೆಂದದ ಕೆಲಸ ನೋಡಿ! ಇಷ್ಟು ದೂರದಿಂದ ಸರಿಯಾಗಿ ಬಂದ ದನಿ ಡ್ಯಾಶ್‌ಬೋರ್ಡಿನ ಕೊನೆಯ ಎರಡು ಅಡಿಯಲ್ಲಿ ಕೆಡುತ್ತದೆ.

ಗೆಳೆಯರು ಹೇಳಿದ ಟ್ರಾನ್ಸ್‌ಮಿಟರ್ ಕೆಡಿಸುವುದು ಆ ಎರಡು ಅಡಿಯನ್ನೇ. ಅದೊಂದು ಪುಟಾಣಿ ಎಫ್ಎಂ ಸ್ಟೇಷನ್. ರಿಸೀವರಿನ ದನಿಯನ್ನು ಖಾಲಿ ಇರುವ ಒಂದು ಎಫ್ಎಂ ಜಾಗದಲ್ಲಿ ಗಾಳಿಗೆ ಬಿಡುತ್ತದೆ. ನಿಮ್ಮ ಸ್ಟೀರಿಯೊ ಅದನ್ನು ಹಿಡಿಯಬೇಕು. ಆದರೆ ಅದರ ಶಕ್ತಿಗೆ ಅಮೆರಿಕದ ಕಾನೂನಿನ ಕಡಿವಾಣ ಇದೆ. 3 ಮೀಟರ್ ದೂರದಲ್ಲಿ ಅದರ ಬಲ ಪ್ರತಿ ಮೀಟರಿಗೆ 250 ಮೈಕ್ರೊವೋಲ್ಟ್ ದಾಟಬಾರದು. ನಿಜವಾದ ಸ್ಟೇಷನ್ ಮುಂದೆ ಇದು ಪಿಸುಮಾತು. ಆಂಟೆನಾ ಹಿಂದಿನ ಗಾಜಿನಲ್ಲಿರುವ ಕಾರಿನಲ್ಲಂತೂ ಆ ಪಿಸುಮಾತು ಅಲ್ಲಿಗೆ ತಲುಪುವುದೂ ಕಷ್ಟ.

ನಿಮ್ಮ ದಾರಿಯನ್ನೇ ತೆಗೆದುಕೊಳ್ಳಿ. ಸಿನ್ಸಿನಾಟಿಯಿಂದ ಐ-74 ಹೆದ್ದಾರಿ ಹಿಡಿದು ಇಂಡಿಯಾನಾಪೊಲಿಸ್, ಅಲ್ಲಿಂದ ಐ-65ರಲ್ಲಿ ಶಿಕಾಗೊ ಕಡೆಗೆ. ಹತ್ತಿರ ಹತ್ತಿರ 480 ಕಿಲೋಮೀಟರ್. ಅಮೆರಿಕದಲ್ಲಿ ಎಫ್ಎಂಗೆ 88.1ರಿಂದ 107.9ರವರೆಗೆ ಇರುವುದು ನೂರೇ ಜಾಗ. ಸಿನ್ಸಿನಾಟಿಯಲ್ಲಿ ಖಾಲಿ ಇದ್ದ ಜಾಗದಲ್ಲಿ ಇಂಡಿಯಾನಾಪೊಲಿಸ್ ಹತ್ತಿರ ಯಾರೋ ಹವಾಮಾನ ಹೇಳುತ್ತಿರುತ್ತಾರೆ. ಅಲ್ಲಿ ಬದಲಿಸಿದರೆ ಶಿಕಾಗೊ ಹತ್ತಿರ ಮತ್ತೆ ಬದಲಿಸಬೇಕು. ಗಂಟೆಗೆ ನೂರು ಕಿಲೋಮೀಟರ್ ದಾಟಿದ ವೇಗದಲ್ಲಿ, ಪಕ್ಕದಲ್ಲಿ ಲಾರಿಗಳು ಓಡುತ್ತಿರುವಾಗ, ಎರಡು ಪೆಟ್ಟಿಗೆಗಳಲ್ಲಿ ನಂಬರ್ ತಿರುಗಿಸುವುದು ಬೇಡವೇ ಬೇಡ. ಊರೊಳಗೇ ಓಡಾಡುವವರಿಗೆ, ಅದೂ ಸ್ಟೇಷನ್ ಕಡಿಮೆ ಇರುವ ಸಣ್ಣ ಊರಿನವರಿಗೆ, ಅದು ನಡೆದೀತು. ನಿಮಗಲ್ಲ.

ಇದೇ ಎಫ್ಎಂ ಉಪಾಯವನ್ನು ವೈರಿನ ಮೂಲಕ ಮಾಡುವ ಪೆಟ್ಟಿಗೆಯೂ ಉಂಟು, ಎಫ್ಎಂ ಡೈರೆಕ್ಟ್ ಅಡಾಪ್ಟರ್ ಅಂತ. ಆಂಟೆನಾ ವೈರನ್ನು ಸ್ಟೀರಿಯೊದಿಂದ ಕಿತ್ತು ನಡುವೆ ಈ ಪೆಟ್ಟಿಗೆ ಸೇರಿಸುತ್ತಾರೆ. ಗಾಳಿಯಲ್ಲಿ ಹೋಗುವುದಿಲ್ಲವಾದ್ದರಿಂದ ಇದು ಎಷ್ಟೋ ವಾಸಿ. ಆದರೂ ಎಫ್ಎಂ ಎಫ್ಎಂನೇ. 15 ಕಿಲೋಹರ್ಟ್ಸ್ ಮೇಲಿನ ತೀರಾ ತೀಕ್ಷ್ಣವಾದ ದನಿ ಅದರಲ್ಲಿ ಹಾದು ಬರುವುದಿಲ್ಲ. ಕಾರಿನಲ್ಲಿ ಚೇಂಜರ್ ಸಾಕೆಟ್ಟೂ ಇಲ್ಲ, ಆಕ್ಸೂ ಇಲ್ಲ ಅನ್ನುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಡ್ಯಾಶ್‌ಬೋರ್ಡ್ ಹೇಗೂ ಬಿಚ್ಚಲೇಬೇಕು. ಹಾಗಿರುವಾಗ ನೀವು ಇದಕ್ಕಿಂತ ಒಳ್ಳೆಯದನ್ನೇ ಹಾಕಿಕೊಳ್ಳಬಹುದು, ಅಲ್ವಾ?

ಬಿಚ್ಚುವ ಧೈರ್ಯ ಬರುವತನಕ ಕ್ಯಾಸೆಟ್ ಇದೆಯಲ್ಲ! ವೈರು ನೇತಾಡುವ ಕ್ಯಾಸೆಟ್ ಅಡಾಪ್ಟರ್ 10–20 ಡಾಲರಿಗೆ ಸಿಗುತ್ತದೆ. ಅದರೊಳಗೆ ಟೇಪ್ ಇರುವುದಿಲ್ಲ, ಒಂದು ಪುಟ್ಟ ಹೆಡ್ ಇರುತ್ತದೆ. ಅದು ಸ್ಟೀರಿಯೊದ ಹೆಡ್‌ಗೆ ಮುಖ ಕೊಟ್ಟು ಕೂತು, ಟೇಪಿನ ಬದಲು ತಾನೇ ಕಾಂತದ ಏರಿಳಿತ ದಾಟಿಸುತ್ತದೆ. ನನ್ನ ಕಿವಿಗೆ ಗಾಳಿಯಲ್ಲಿ ಹೋಗುವ ಎಫ್ಎಂ ಟ್ರಾನ್ಸ್‌ಮಿಟರಿಗಿಂತ ಇದು ಚೆನ್ನಾಗಿ ಕೇಳುತ್ತದೆ. ಹಾಕುವ ಮೊದಲು ಹೆಡ್ ಒರೆಸಿ. ಟೇಪಿನ ಸುಸ್ ಸದ್ದು ತಗ್ಗಿಸುವ ಡಾಲ್ಬಿ ಬಟನ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ದನಿ ಮಂಕಾಗುತ್ತದೆ. ಕೆಲವು ಸ್ಟೀರಿಯೊಗಳು ಟೇಪ್ ಮುಗಿಯಿತು ಅಂದುಕೊಂಡು ಅಡಾಪ್ಟರನ್ನು ಹೊರಗೆ ಉಗುಳುತ್ತವೆ. ಇಪ್ಪತ್ತು ವರ್ಷದ ಹಳೆ ಬೆಲ್ಟು, ಹಲ್ಲುಚಕ್ರಗಳು ಕಿರಕಿರ ಸದ್ದು ಮಾಡಲೂಬಹುದು. ಎರಡು ವಾರ ಹೀಗೆ ಕೇಳಿ ನೋಡಿ. ಸ್ಯಾಟಲೈಟ್ ರೇಡಿಯೊ ನಿಮಗೆ ನಿಜವಾಗಿ ಬೇಕಾ ಅನ್ನುವುದೂ ಅಷ್ಟರಲ್ಲಿ ಗೊತ್ತಾಗುತ್ತದೆ.

ಈಗ ಚೇಂಜರ್ ಸಾಕೆಟ್ಟಿಗೆ ಬರೋಣ. ಅಲ್ಲಿ ದನಿಯ ವೈರುಗಳಿವೆ ಅಂತ ಸುಮ್ನೆ ಎರಡು ವೈರು ಬೆಸೆದರೆ ಕೆಲಸ ಆಗುವುದಿಲ್ಲ. ಎಷ್ಟೋ ಜನ ಕೈಸುಟ್ಟುಕೊಳ್ಳುವುದು ಇಲ್ಲೇ. ಟೊಯೋಟಾ ಪೆಟ್ಟಿಗೆಗಳು ಎವಿಸಿ-ಲ್ಯಾನ್ ಅನ್ನುವ ವೈರುಗಳ ಮೇಲೆ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ‘ನಾನು ಚೇಂಜರ್, ಇಲ್ಲಿದ್ದೇನೆ, ಮೊದಲನೇ ಸಿಡಿ ಓಡುತ್ತಿದೆ’ ಅಂತ ಯಾರಾದರೂ ಹೇಳುವವರೆಗೆ ಸ್ಟೀರಿಯೊ ಆ ಬಾಗಿಲು ತೆರೆಯುವುದೇ ಇಲ್ಲ. ಅಡಾಪ್ಟರಿನ ಕೆಲಸವೇ ಆ ಮಾತು ಆಡುವುದು. ಚೇಂಜರ್ ಇದೆ ಅಂತ ಸ್ಟೀರಿಯೊವನ್ನು ನಂಬಿಸಿ, ಬಾಗಿಲು ತೆರೆಸಿ, ನಿಮ್ಮ ಆಕ್ಸ್ ದನಿಯನ್ನು ಒಳಗೆ ಬಿಡುತ್ತದೆ. ಸಿಡಿ ಬಟನ್ ಒತ್ತಿ ಚೇಂಜರಿಗೆ ಬಂದರೆ ರೇಡಿಯೊ ಕೇಳುತ್ತದೆ. ಪರದೆಯಲ್ಲಿ ಮಾತ್ರ ಸಿಡಿ ನಂಬರ್ ಓಡುತ್ತಿರುತ್ತದೆ. ಅದಕ್ಕೆ ಗಾಬರಿಯಾಗಬೇಡಿ.

ಕೊಳ್ಳುವ ಮೊದಲು ಒಂದು ಎಚ್ಚರಿಕೆ. ಟೊಯೋಟಾದ ಈ ಸಾಕೆಟ್ಟಿನಲ್ಲಿ ಎರಡು ತರ ಇವೆ. ಹಳೆಯವಕ್ಕೆ ಪಿನ್ನುಗಳು 5 ಮತ್ತು 7 ಅಂತ ಜೋಡಣೆ. 2003–04ರ ಆಸುಪಾಸಿನಿಂದ 6 ಮತ್ತು 6. ನಿಮ್ಮದು ಸರಿಯಾಗಿ ಗಡಿಯ ಮೇಲಿನ ವರ್ಷ. ಹಾಗಾಗಿ ವರ್ಷ ನೋಡಿ ಅಡಾಪ್ಟರ್ ತರಿಸಬೇಡಿ. ಸ್ಟೀರಿಯೊ ಹೊರಗೆಳೆದು, ಕಣ್ಣಿಂದ ನೋಡಿ, ಫೋಟೊ ತೆಗೆದು, ಆಮೇಲೆ ತರಿಸಿ. ಹಳೆ ಯಜಮಾನರು ಡಿಕ್ಕಿಯಲ್ಲಿ ನಿಜವಾದ ಚೇಂಜರ್ ಹಾಕಿಸಿದ್ದರೆ ಆ ಸಾಕೆಟ್ ಭರ್ತಿಯಾಗಿರುತ್ತದೆ. ಅದನ್ನೂ ನೋಡಿಕೊಳ್ಳಿ.

ಸ್ಟೀರಿಯೊ ಹೊರಗೆಳೆಯುವುದಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಬಿಡಿ. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಕ್ಲಿಪ್ಪುಗಳ ಮೇಲೆ ಕೂತಿರುತ್ತದೆ. ಓಹಾಯೊ ಚಳಿಗಾಲದಲ್ಲಿ ಆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಬೆಚ್ಚಗಿನ ದಿನ ನೋಡಿ ಮಾಡಿ. ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ, ಇಲ್ಲವೇ ಪ್ಲಾಸ್ಟಿಕ್ ಚಪ್ಪಟೆ ಕಡ್ಡಿ ಬಳಸಿ. ಒಳಗೆ ಸ್ಟೀರಿಯೊವನ್ನು ನಾಲ್ಕು ಬೋಲ್ಟು ಹಿಡಿದಿರುತ್ತವೆ, 10ರ ಬಾಕ್ಸ್ ಸ್ಪ್ಯಾನರ್ ಬೇಕು. ಹಳದಿ ಹೊದಿಕೆಯ ವೈರು, ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ. ಅದು ಏರ್‌ಬ್ಯಾಗಿನದು. ಹೋಂಡಾ ಇರುವವರು ಇದನ್ನು ಓದುತ್ತಿದ್ದರೆ ನಿಮಗೂ ಒಂದು ಮಾತು: ಬ್ಯಾಟರಿ ಬಿಚ್ಚಿದರೆ ನಿಮ್ಮ ಸ್ಟೀರಿಯೊ ಕಳ್ಳತನ ತಡೆಯುವ ಕೋಡ್ ಕೇಳುತ್ತದೆ. ಮೊದಲೇ ಆ ಕಾರ್ಡು ಹುಡುಕಿಟ್ಟುಕೊಳ್ಳಿ.

ಇನ್ನು ಅಂಗಡಿಯವರ ಸಲಹೆ. ಹೊಸ ಸ್ಟೀರಿಯೊ ಹಾಕುವುದು ತಪ್ಪಲ್ಲ. ನಿಮ್ಮ ಕ್ಯಾಮ್ರಿಯಲ್ಲಿ ಜಾಗವೂ ದೊಡ್ಡದಿದೆ, ಡಬಲ್ ಡಿನ್ ಅನ್ನುವ ಎರಡು ಪಟ್ಟು ಎತ್ತರದ ಅಳತೆಯದು ಕೂರುತ್ತದೆ. ಮುಂದೆ ಎಂದಾದರೂ ಮ್ಯಾಪು, ಬ್ಲೂಟೂತ್ ಎಲ್ಲ ಬೇಕು ಅನ್ನಿಸಿದರೆ ಆಗ ಮಾಡಿಸಿ. ಆದರೆ ಸ್ಟೀರಿಯೊದ ಮೇಲೆ ಜೆಬಿಎಲ್ ಅಂತ ಇದ್ದರೆ ಬೇರೆ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ತಕ್ಕ ವೈರಿಂಗ್ ಅಡಾಪ್ಟರ್ ಬೇಕು. ಆ ಕಾಲದ ಕೆಲವು ಜನರಲ್ ಮೋಟರ್ಸ್ ಕಾರುಗಳಲ್ಲಂತೂ ಸೀಟ್ ಬೆಲ್ಟಿನ ಎಚ್ಚರಿಕೆಯ ಟಿಂಗ್ ಟಿಂಗ್ ಸದ್ದೂ ರೇಡಿಯೊದಿಂದಲೇ ಬರುತ್ತದೆ. ರೇಡಿಯೊ ಕಿತ್ತರೆ ಆ ಸದ್ದೂ ಹೋಯಿತು. ಯಾರು ಹಾಕಿದರೂ ಒಂದು ಷರತ್ತು ಮೊದಲೇ ಹೇಳಿ: ಕಾರಿನ ಮೂಲ ಪ್ಲಗ್ ಕತ್ತರಿಸಬಾರದು. ಒಮ್ಮೆ ನನ್ನ ಬಳಿಗೆ ಒಬ್ಬರು ಕಾರು ತಂದರು. ಎಲ್ಲೋ ಹೊಸ ಸ್ಟೀರಿಯೊ ಹಾಕುವಾಗ ಪ್ಲಗ್ ಕತ್ತರಿಸಿ, ವೈರುಗಳನ್ನು ತಿರುಚಿ ಟೇಪ್ ಸುತ್ತಿದ್ದರು. ಬೇಸಿಗೆಯ ಶಾಖಕ್ಕೆ ಟೇಪಿನ ಅಂಟು ಕರಗಿ ಎರಡು ವೈರು ತಾಗಿ ಫ್ಯೂಸ್ ಹೋಗುತ್ತಿತ್ತು. ಒಂದೊಂದೇ ವೈರು ಗುರುತಿಸಿ ಮತ್ತೆ ಬೆಸೆಯಲು ನನಗೆ ಇಡೀ ದಿನ ಹಿಡಿಯಿತು. ಮೂಲ ಪ್ಲಗ್ಗಿಗೆ ಹೊಂದುವ ಇಪ್ಪತ್ತು ಡಾಲರಿನ ಹಾರ್ನೆಸ್ (ವೈರುಗಳ ಕಟ್ಟು) ಹಾಕಿದ್ದರೆ ಇದೆಲ್ಲ ಬೇಕಿರಲಿಲ್ಲ.

ಆಕ್ಸ್ ದಾರಿಯನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಬೆಂಗಳೂರಿನವರಿಗೆ ವರ್ಲ್ಡ್‌ಸ್ಪೇಸ್ ಅನ್ನುವ ಸ್ಯಾಟಲೈಟ್ ರೇಡಿಯೊ ನೆನಪಿರಬೇಕು. 2000ನೇ ಇಸವಿಯಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹದಿಂದ ಬರುತ್ತಿತ್ತು. ನಾವು ಕಿಟಕಿಯ ಹತ್ತಿರ ಆ ಚಪ್ಪಟೆ ಆಂಟೆನಾ ಇಟ್ಟು, ಪೂರ್ವಕ್ಕೆ, ಸ್ವಲ್ಪವೇ ದಕ್ಷಿಣಕ್ಕೆ ತಿರುಗಿಸಿ, ಸಿಗ್ನಲ್ ಗೆರೆ ಏರುವುದನ್ನು ನೋಡುತ್ತಿದ್ದೆವು. ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಂಧರ್ವ’, ಕನ್ನಡಕ್ಕೆ ‘ಸ್ಪರ್ಶ’. ಬೆಳಗಿನ ಹೊತ್ತು ಜಾಹೀರಾತಿಲ್ಲದೆ ಒಂದು ರಾಗ ಪೂರ್ತಿ ಕೇಳುವ ಸುಖ ನನಗೆ ಮೊದಲು ಸಿಕ್ಕಿದ್ದು ಅಲ್ಲೇ. ಸ್ಯಾಟಲೈಟ್ ರೇಡಿಯೊ ಮೇಲಿನ ನನ್ನ ಪ್ರೀತಿ ಶುರುವಾಗಿದ್ದೂ ಆಗಲೇ. 2009ರ ಡಿಸೆಂಬರ್ ಕೊನೆಗೆ ಭಾರತದಲ್ಲಿ ಆ ಸೇವೆ ನಿಂತಿತು. ಉಪಗ್ರಹದ ಕಡೆಯಿಂದ ದನಿ ನಿಂತ ಮೇಲೆ ಆ ರಿಸೀವರಿನ ಮುಖ್ಯ ಕೆಲಸವೇ ಮುಗಿದಂತೆ.

ಸಿರಿಯಸ್ ಎಕ್ಸ್ಎಂ ನಿಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಚಂದಾ ಕಟ್ಟುವುದನ್ನು ನೀವೇ ಒಂದು ದಿನ ನಿಲ್ಲಿಸಬಹುದು. ಮಗಳ ಓದು ಮುಗಿದು ಈ ಓಡಾಟ ತಪ್ಪಬಹುದು. ಸ್ಯಾಟಲೈಟ್ ರೇಡಿಯೊಗೆ ಮಾತ್ರ ಕೆಲಸಕ್ಕೆ ಬರುವ ಪೆಟ್ಟಿಗೆಗಳ ಮೇಲೆ ದುಡ್ಡು ಸುರಿದಿದ್ದರೆ ಅವತ್ತು ಅದು ಡ್ಯಾಶ್‌ಬೋರ್ಡಿನಲ್ಲಿ ಸುಮ್ಮನೆ ಕೂರುತ್ತದೆ. ಆಕ್ಸ್ ವೈರಿಗೆ ಹಾಕಿದ ದುಡ್ಡು ಹಾಗಲ್ಲ. ಅದಕ್ಕೆ ಫೋನೂ ಆಗುತ್ತದೆ, ಬ್ಲೂಟೂತ್ ಬಿಲ್ಲೆಯೂ ಆಗುತ್ತದೆ. ಹಾಗಾಗಿ ರಿಸೀವರ್ ಸಾಧಾರಣದ್ದಾದರೂ ಚಿಂತೆಯಿಲ್ಲ. ವೈರಿನ ಕೆಲಸ ಮಾತ್ರ ಅಚ್ಚುಕಟ್ಟಾಗಿರಲಿ.

ಆಂಟೆನಾದ ಬಗ್ಗೆ ಅಸಡ್ಡೆ ಮಾಡಬೇಡಿ. ಸಿಗ್ನಲ್ ಬರಲ್ಲ ಅಂತ ಬಂದ ಎಷ್ಟೋ ಕಾರುಗಳಲ್ಲಿ ಆಂಟೆನಾ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿರುವುದನ್ನು ನೋಡಿದ್ದೇನೆ. ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಆ ಆಂಟೆನಾದ ಅಡಿಯಲ್ಲಿ ಅಯಸ್ಕಾಂತ ಇದೆ. ಅದಕ್ಕೆ ಕೆಳಗೆ ಕಬ್ಬಿಣದ ಹಾಸು ಬೇಕು. ಅಂಟಿಕೊಳ್ಳಲು ಮಾತ್ರ ಅಲ್ಲ, ಆ ತಗಡೂ ಸಿಗ್ನಲ್ ಹಿಡಿಯಲು ನೆರವಾಗುತ್ತದೆ. ಸಿರಿಯಸ್ ಎಕ್ಸ್ಎಂ ಬರುವುದು 2.3 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಅಂಥ ಅಲೆ ತಗಡು ದಾಟುವುದಿಲ್ಲ. ಒದ್ದೆ ಎಲೆಗಳ ದಟ್ಟ ಮರವೂ ಅದನ್ನು ಕುಗ್ಗಿಸುತ್ತದೆ. ಕಾರಿನ ಮಾಡಿನ ಹಿಂಭಾಗದಲ್ಲಿ, ಅಂಚಿನಿಂದ ಒಂದು ಗೇಣು ಒಳಗೆ, ಸುತ್ತ ಆಕಾಶ ಕಾಣುವ ಹಾಗೆ ಇಡಿ. ವೈರನ್ನು ಹಿಂದಿನ ಗಾಜಿನ ರಬ್ಬರಿನ ಅಡಿಗೆ ತಳ್ಳಿ, ಡಿಕ್ಕಿಯ ರಬ್ಬರ್ ಬೀಡಿಂಗ್ ಪಕ್ಕದಿಂದ ಒಳಗೆ ತಂದು, ಹಿಂದಿನ ಸೀಟು ದಾಟಿಸಿ, ಬಾಗಿಲ ಕೆಳಗಿನ ಪಟ್ಟಿಯೊಳಗೆ ಮುಂದಕ್ಕೆ ತನ್ನಿ. ಡಿಕ್ಕಿ ಮುಚ್ಚುವಾಗ ವೈರು ಜಜ್ಜಿಹೋಗದ ಜಾಗ ನೋಡಿ. ಹೆಚ್ಚಾದ ವೈರನ್ನು ಕತ್ತರಿಸಬೇಡಿ. ಸುರುಳಿ ಸುತ್ತಿ ಸೀಟಿನ ಅಡಿ ಕಟ್ಟಿಬಿಡಿ.

ಕರೆಂಟಿನ ವಿಷಯ ಚಿಕ್ಕದು, ಆದರೆ ತಪ್ಪಿದರೆ ರಿಸೀವರೇ ಹೋಗುತ್ತದೆ. ಈಗಿನ ಡಾಕುಗಳಿಗೆ ಬೇಕಾದ್ದು 5 ವೋಲ್ಟ್. ಹಳೆ ಕಾಲದ ಕೆಲವು ಅಡಾಪ್ಟರುಗಳು 12 ವೋಲ್ಟ್ ಕೊಡುತ್ತವೆ. ಪ್ಲಗ್ ಹೊಂದುತ್ತದೆ ಅಂತ ಚುಚ್ಚಿದರೆ ಸುಟ್ಟುಹೋಗುತ್ತದೆ. ಜೊತೆಗೆ ಬಂದದ್ದನ್ನೇ ಬಳಸಿ.

ಎಲ್ಲ ಜೋಡಿಸಿ ಎಂಜಿನ್ ಚಾಲೂ ಮಾಡಿದಾಗ ಸ್ಪೀಕರಿನಲ್ಲಿ ಸೊಳ್ಳೆಯ ಹಾಗೆ ‘ಗುಂಯ್’ ಅಂದು, ಆಕ್ಸಿಲರೇಟರ್ ಒತ್ತಿದಂತೆ ಸದ್ದು ಏರಿದರೆ ಅದು ಆಲ್ಟರ್ನೇಟರಿನ ಸದ್ದು. ಎರಡು ಪೆಟ್ಟಿಗೆಗಳು ಬೇರೆ ಬೇರೆ ಜಾಗದಲ್ಲಿ ಅರ್ಥ್ ಹಿಡಿದಾಗ ಹೀಗಾಗುತ್ತದೆ. ಎರಡಕ್ಕೂ ಒಂದೇ ಬೋಲ್ಟಿನಲ್ಲಿ ಅರ್ಥ್ ಕೊಡಿ. ಲೈಟರ್ ಸಾಕೆಟ್ಟಿನಿಂದ ಕರೆಂಟ್ ತೆಗೆದಿದ್ದರೆ ಅದು ಆಗುವುದಿಲ್ಲ. ಆಗ ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನುವ ಪುಟ್ಟ ಡಬ್ಬಿ ಹಾಕಿ. ಒಳಗೆ ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್ ಇರುತ್ತವೆ. ದನಿ ದಾಟುತ್ತದೆ, ಗುಂಯ್ ದಾಟುವುದಿಲ್ಲ. ರಿಸೀವರಿನ ಆಡಿಯೊ ಲೆವೆಲನ್ನು ಪೂರ್ತಿಗಿಂತ ಸ್ವಲ್ಪ ಕೆಳಗೆ ಇಟ್ಟು, ವಾಲ್ಯೂಮನ್ನು ಸ್ಟೀರಿಯೊದಲ್ಲೇ ಏರಿಸಿ ಇಳಿಸಿ. ಅಲ್ಲಿ ತೀರಾ ಕಡಿಮೆ ಇಟ್ಟು ಇಲ್ಲಿ ಜಾಸ್ತಿ ಮಾಡಿದರೆ ಬರೀ ಸುಸ್ ಅನ್ನುವ ಸದ್ದು ಬೆಳೆಯುತ್ತದೆ.

ಚಾಲೂ ಮಾಡಿಸುವಾಗ ಗ್ಯಾರೇಜಿನಿಂದ ಕಾರು ಹೊರಗೆ ತಂದು ಬಯಲಿನಲ್ಲಿ ನಿಲ್ಲಿಸಿ. 0 ಚಾನೆಲ್‌ಗೆ ಹೋದರೆ ರೇಡಿಯೊ ಐಡಿ ಕಾಣುತ್ತದೆ. ಅದನ್ನು ಬರೆದಿಟ್ಟುಕೊಂಡು ಚಂದಾ ಶುರು ಮಾಡಿ. ಅಪ್ಪಣೆಯ ಸಿಗ್ನಲ್ ಉಪಗ್ರಹದಿಂದಲೇ ಬರಬೇಕು. ಅದು ಬರುವತನಕ ರಿಸೀವರ್ ಆಫ್ ಮಾಡಬೇಡಿ.

ಕೊನೆಗೆ ಕನ್ನಡ. ಸಿರಿಯಸ್ ಎಕ್ಸ್ಎಂನಲ್ಲಿ ಕನ್ನಡದ ಚಾನೆಲ್ ಇಲ್ಲ. ಈ ಬೇಜಾರು ನನಗೂ ಇದೆ. ಆದರೆ ಅದೇ ಆಕ್ಸ್ ವೈರಿಗೆ ಫೋನ್ ಚುಚ್ಚಿದರೆ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಕನ್ನಡ ಕೇಂದ್ರಗಳು ಸಿಗುತ್ತವೆ. ಹೊಲಗಳ ನಡುವೆ ಫೋನ್ ಸಿಗ್ನಲ್ ಬಿದ್ದುಹೋಗುವ ಕಡೆ ಸ್ಯಾಟಲೈಟ್, ಊರುಗಳ ಹತ್ತಿರ ಕನ್ನಡ, ಹೀಗೆ ಮಾಡಿಕೊಳ್ಳಿ. ಸ್ಟೀರಿಯೊ ಹೊರಗೆಳೆದ ದಿನ ಅದರ ಬೆನ್ನಿನ ಫೋಟೊ ತೆಗೆದು ಕಳಿಸಿ. 5-7 ಸಾಕೆಟ್ಟೋ 6-6 ಸಾಕೆಟ್ಟೋ ಅಂತ ನೋಡಿ, ಯಾವ ಅಡಾಪ್ಟರ್ ತರಿಸಬೇಕು ಅಂತ ಹೇಳುತ್ತೇನೆ.